ಆಟಿಗೆಂದು ಕಟ್ಟಿಟ್ಟ 61 ಸೌತೆಕಾಯಿ

ಎರಡು ವರ್ಷದ ಹಿಂದೆ, ಏಪ್ರಿಲ್‌ನಲ್ಲಿ, ನಮ್ಮ ಮನೆಯಲ್ಲಿ 61 ಮಂಗಳೂರು ಸೌತೆಕಾಯಿ ತೂಗುಹಾಕಿದೆವು. ಆಗಸ್ಟ್ ನಡುವಿಗೆ ಲೆಕ್ಕ ಹಾಕಿದಾಗ 38 ಹಾಳಾಗಿದ್ದವು. ಅಡುಗೆಗೆ ಸಿಕ್ಕಿದ್ದು 16. ಇನ್ನೂ ತೂಗುತ್ತಿದ್ದದ್ದು 7. ಸ್ವಲ್ಪ ಕೊಳೆತದ್ದನ್ನು ಕೆತ್ತಿ ಹುಳಿಗೆ ಹಾಕಿದ್ದೂ ಉಂಟು. ಅದನ್ನೂ ಹಾಳಾದದ್ದರ ಲೆಕ್ಕಕ್ಕೇ ಸೇರಿಸಿದ್ದೇನೆ.

ಅತ್ತೆಯ ಕೈಯಲ್ಲಿ ಈ ಕೆಲಸ ಇದ್ದಾಗ ನವರಾತ್ರಿಗೂ ಅಟ್ಟದಲ್ಲಿ ಕಾಯಿ ಇರುತ್ತಿತ್ತು. ಅವರ ಮೊಣಕಾಲಿನ ಆಪರೇಷನ್ ಆದ ವರ್ಷ ಗದ್ದೆ ನನ್ನ ಮತ್ತು ನನ್ನ ಗಂಡನ ಪಾಲಿಗೆ ಬಂತು. ಬೀಜ ಅವರದ್ದೇ, ಗದ್ದೆ ಅದೇ, ಗೊಬ್ಬರ ಅದೇ. ಹಾಗಾದರೆ ಬದಲಾದದ್ದು ಏನು? ಇದನ್ನು ಹುಡುಕಲು ನನಗೆ ಒಂದು ಮಳೆಗಾಲ ಮತ್ತು ಒಂದು ನೋಟ್‌ಬುಕ್ ಬೇಕಾಯಿತು.

ಗೊತ್ತಿಲ್ಲದವರಿಗೆ ಮೊದಲು ಊರಿನ ಕಥೆ ಸ್ವಲ್ಪ. ನಮ್ಮದು ಪುತ್ತೂರು ತಾಲೂಕು. ಅಡಿಕೆ ತೋಟ, ಅದರ ಕೆಳಗೆ ಎರಡು ಗದ್ದೆ. ಭತ್ತ ಕೊಯ್ದ ಮೇಲೆ ಒಂದು ಗದ್ದೆಯಲ್ಲಿ ತರಕಾರಿ ಮಾಡುತ್ತೇವೆ. ತರಗೆಲೆ ಸುಟ್ಟು ಸುಡುಮಣ್ಣು ಮಾಡಿ, ಸಾಲು ತೋಡಿ, ಸೌತೆ, ಕುಂಬಳ, ಚೀನಿಕಾಯಿ (ಸಿಹಿಗುಂಬಳ), ಬೆಂಡೆ, ಅಲಸಂಡೆ ಹಾಕುವುದು. ಬೆಳೆಯುವುದು ಬೇಸಿಗೆಯಲ್ಲಿ, ಆದರೆ ಕಣ್ಣು ಇರುವುದು ಮಳೆಗಾಲದ ಮೇಲೆ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗಿಂತ ಜಾಸ್ತಿ ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದುಹೋಗುತ್ತದೆ. ಆಗ ಗದ್ದೆಯಲ್ಲಿ ಬಳ್ಳಿ ನಿಲ್ಲುವುದಿಲ್ಲ. ಪೇಟೆಗೆ ಹೋಗುವುದೂ ಹಿಂದೆ ಕಷ್ಟವೇ ಇತ್ತು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಆಟಿ ತಿಂಗಳಂತೂ ತುಳುನಾಡಿಗೆ ಕೊರತೆಯ ತಿಂಗಳು. ಆ ದಿನಗಳ ಹುಳಿಗೆ, ಮೇಲಾರಕ್ಕೆ, ದೋಸೆ ಹಿಟ್ಟಿಗೆ ಬೇಕಾದ ಕಾಯಿ ಏಪ್ರಿಲ್‌ನಲ್ಲೇ ಅಟ್ಟ ಹತ್ತಬೇಕು.

ಮಂಗಳೂರು ಸೌತೆ ಎಂದರೆ ಬೆಂಗಳೂರಿನವರು ಕೋಸಂಬರಿಗೆ ಹೆಚ್ಚುವ ಸೌತೆ ಅಲ್ಲ. ಇದು ಕರ್ಬೂಜದ ಹತ್ತಿರದ ಸಂಬಂಧಿ. ದಪ್ಪ, ಗಿಡ್ಡ, ಹಸಿರು ಹಳದಿ ಪಟ್ಟೆ. ಬಲಿತ ಮೇಲೆ ಹಳದಿಯಿಂದ ಕಿತ್ತಳೆಗೆ ತಿರುಗುತ್ತದೆ. ಕೋಸಂಬರಿ ಸೌತೆ ಬುಟ್ಟಿಯಲ್ಲಿ ಒಂದು ವಾರ ಉಳಿದರೆ ಹೆಚ್ಚು. ಇದು ಸರಿಯಾಗಿ ಕಟ್ಟಿದರೆ ನಾಲ್ಕೈದು ತಿಂಗಳು ಬರುತ್ತದೆ. ಬಾಳೆಯ ದಿಂಡಿನ ಒಣಗಿದ ಪಟ್ಟಿಯನ್ನು ನಾವು ಬಾಳೆಬಳ್ಳಿ ಎನ್ನುತ್ತೇವೆ. ಅದನ್ನು ಸ್ವಲ್ಪ ಒದ್ದೆ ಮಾಡಿ, ಕಾಯಿಯ ಸುತ್ತ ಎರಡು ಕಡೆ ಕುಣಿಕೆ ಹಾಕಿ, ಅಡ್ಡಕ್ಕೆ ತೂಗುಹಾಕುವುದು ಕ್ರಮ. ಒಂದರ ಕೆಳಗೆ ಒಂದು, ಮಾಲೆಯ ಹಾಗೆ.

ನಾವು ಮಾಡಿದ್ದು ಏನು

ಆ ವರ್ಷ ಬೀಜ ಹಾಕುವಾಗಲೇ ತಡವಾಗಿತ್ತು. ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿ ಜನವರಿ ಮೂರನೇ ವಾರ ಬಂತು. ಬಿಸು ಹಬ್ಬಕ್ಕೆ, ಅಂದರೆ ಏಪ್ರಿಲ್ ನಡುವಿಗೆ, ಬೆಳಿಗ್ಗೆ ಎದ್ದು ಮೊದಲು ನೋಡುವ ಕಣಿ ಇಡಲು ಒಂದು ಒಳ್ಳೆಯ ಹಳದಿ ಕಾಯಿ ಬೇಕೆಂದು ಗದ್ದೆಗೆ ಹೋದರೆ ಅರ್ಧಕ್ಕರ್ಧ ಕಾಯಿ ಇನ್ನೂ ಹಸಿರಿತ್ತು. ದೊಡ್ಡದೇನೋ ಇತ್ತು. ಎರಡು ಕೆ.ಜಿ. ತೂಗುವ ಕಾಯಿ ನೋಡಿದರೆ ಯಾರಿಗಾದರೂ ಆಯಿತು ಅನ್ನಿಸುತ್ತದೆ ಅಲ್ವಾ?

ಬಿಸು ಕಳೆದು ಮೂರನೇ ದಿನ ಗುಡುಗು ಸಮೇತ ಮಳೆ ಬಂತು. ಒಂದೇ ಗಂಟೆ, ಆದರೆ ಗದ್ದೆಯಲ್ಲಿ ನೀರು ನಿಂತಿತು. ಮತ್ತೆ ಮಳೆ ಇದೆ ಎಂದು ಮೊಬೈಲ್ ಹೇಳಿತು. ಗಾಬರಿಯಾಗಿ ಮರುದಿನವೇ ಎಲ್ಲ ಕಾಯಿ ಒಟ್ಟಿಗೆ ಕಿತ್ತೆವು. ಕಿತ್ತೆವು ಎನ್ನುವುದೇ ಸರಿ, ಕೊಯ್ದೆವು ಎನ್ನುವ ಹಾಗಿಲ್ಲ. ಕತ್ತಿ ಒಂದೇ ಇತ್ತು, ಅದು ಗಂಡನ ಕೈಯಲ್ಲಿ. ನಾನು ಕಾಯಿ ಹಿಡಿದು ತಿರುಚಿ ಎಳೆದೆ. ಸುಮಾರು ಕಾಯಿಗಳ ತೊಟ್ಟು ಬುಡದಲ್ಲೇ ಮುರಿಯಿತು.

ಕಾಯಿ ತುಂಬ ಕೆಸರು. ಅಂಗಳಕ್ಕೆ ತಂದು ಪೈಪಿನಲ್ಲಿ ನೀರು ಬಿಟ್ಟು ತೊಳೆದೆವು. ಬಟ್ಟೆಯಲ್ಲಿ ಒರಸಿ ಜಗಲಿಯಲ್ಲಿ ರಾಶಿ ಹಾಕಿದೆವು. ಆ ರಾಶಿಯ ಫೋಟೋ ತೆಗೆದು ತಂಗಿಗೆ ಕಳಿಸಿದ್ದೆ. ಹೆಮ್ಮೆ ನೋಡಿ! ಆ ಫೋಟೋವೇ ಆಮೇಲೆ ಸಾಕ್ಷಿಯಾಯಿತು. ಅದರಲ್ಲಿ ಕಾಣುವ ಕಾಯಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಹಸಿರು.

ಅತ್ತೆ ಕೋಲು ಊರಿಕೊಂಡು ಜಗಲಿಗೆ ಬಂದರು. ರಾಶಿ ನೋಡಿದರು.

"ಇದೆಲ್ಲ ಕಟ್ಟಲಿಕ್ಕಾ?"

"ಹೌದು ಅತ್ತೆ. ದೊಡ್ಡದಾಗಿದೆಯಲ್ಲ."

"ದೊಡ್ಡದಾದದ್ದು ಹೌದು ಮಾರಾಯ್ತಿ. ಬಲಿತದ್ದಲ್ಲ."

ಅಷ್ಟು ಹೇಳಿ, ಕೂತಲ್ಲೇ ರಾಶಿಯಿಂದ 16 ಕಾಯಿ ಆರಿಸಿ ಬದಿಗಿಟ್ಟರು. "ಇದು ಹಳೆ ಅಟ್ಟಕ್ಕೆ. ಉಳಿದದ್ದು ನೀವು ಎಲ್ಲಿ ಬೇಕಾದರೂ ಹಾಕಿ" ಎಂದರು. ಉಳಿದದ್ದನ್ನು ಬೇಗ ತಿಂದು ಮುಗಿಸಿ ಎಂಬ ಅರ್ಥ ಅದರಲ್ಲಿತ್ತು ಎಂದು ಈಗ ಅನ್ನಿಸುತ್ತದೆ. ಆಗ ನನಗೆ ಕೇಳಿಸಲಿಲ್ಲ.

ಹಳೆ ಅಟ್ಟ ಎಂದರೆ ಬಚ್ಚಲುಮನೆಗೆ ಹೊಂದಿಕೊಂಡ ಹಂಚಿನ ಮಾಡಿನ ಕೋಣೆಯ ಮೇಲಿನದು. ಹಂಡೆಯ ಒಲೆ ದಿನಾ ಉರಿಯುತ್ತದೆ. ಹೊಗೆ ಅಟ್ಟದ ಸಂದಿಯಿಂದ ಹಾದು ಹಂಚಿನ ನಡುವೆ ಹೊರಗೆ ಹೋಗುತ್ತದೆ. ಉಳಿದ 45 ಕಾಯಿ ಹೋದದ್ದು ಹೊಸ ಅಡುಗೆಮನೆಯ ಹಿಂದಿನ ಉಗ್ರಾಣಕ್ಕೆ. ಅದಕ್ಕೆ ಟೆರೇಸ್. ಮಾಡಿನಲ್ಲಿ ಮೂರು ಕಬ್ಬಿಣದ ಸಲಾಕೆ. ಒಂದು ಸಲಾಕೆಯಲ್ಲಿ ಆಗಲೇ ಎರಡು ಕದಳಿ ಬಾಳೆಗೊನೆ ಹಣ್ಣಾಗಲು ತೂಗುತ್ತಿದ್ದವು. ಅದರ ಪಕ್ಕದಲ್ಲೇ ಸೌತೆ ಕಟ್ಟಿದೆವು. ಮೇ ತಿಂಗಳಲ್ಲಿ ಅದೇ ಕೋಣೆಗೆ ಹಲಸಿನ ಹಣ್ಣೂ ಬಂತು.

ಯಾವುದು ಎಲ್ಲಿಂದ ಕೊಳೆಯಿತು

ಮೊದಲ ಕಾಯಿ ಕೆಳಗೆ ಬಿದ್ದದ್ದು ಮೇ ಒಂದನೇ ವಾರ. ಎರಡನೆಯದು ಮರುದಿನ. ಮೂರನೆಯದು ಬಿದ್ದಾಗ ನಾನು ನೋಟ್‌ಬುಕ್ ತೆಗೆದೆ. ಬಿಸಾಡುವ ಮೊದಲು ಪ್ರತಿ ಕಾಯಿಯನ್ನೂ ಕೊಯ್ದು, ಕೊಳೆ ಎಲ್ಲಿಂದ ಶುರುವಾಗಿದೆ ಎಂದು ಬರೆದಿಟ್ಟೆ. ವಾಸನೆ ಸಹಿಸಿಕೊಂಡು ಮಾಡಿದ ಈ ಕೆಲಸ ನೋಡಿ ಗಂಡ "ಪೋಸ್ಟ್‌ಮಾರ್ಟಮ್ ರಿಪೋರ್ಟ್ ಬಂತಾ?" ಎಂದು ದಿನಾ ತಮಾಷೆ ಮಾಡುತ್ತಿದ್ದ. ಆದರೆ ಈ ಇಡೀ ಪ್ರಕರಣದಲ್ಲಿ ನಾನು ಮಾಡಿದ ಒಂದೇ ಬುದ್ಧಿವಂತಿಕೆಯ ಕೆಲಸ ಅದು. ಕಾಯಿ ಕೊಳೆಯಿತು ಎಂದರೆ ಏನೂ ಗೊತ್ತಾಗುವುದಿಲ್ಲ. ಎಲ್ಲಿಂದ ಕೊಳೆಯಿತು, ಯಾವ ವಾರ ಕೊಳೆಯಿತು ಎಂದರೆ ತಪ್ಪು ಯಾರದ್ದೆಂದು ಕಾಯಿಯೇ ಹೇಳುತ್ತದೆ.

ಉಗ್ರಾಣದ 45ರಲ್ಲಿ ಹಾಳಾದದ್ದು 34. ಅವುಗಳಲ್ಲಿ 7 ಒಳಗಿನಿಂದ ಕೊಳೆತದ್ದು. ಹೊರಗೆ ಚೆನ್ನಾಗಿತ್ತು, ಕೊಯ್ದರೆ ಒಳಗೆ ಬಿಳಿ ಹುಳ. ಇದು ಹಣ್ಣುನೊಣದ ಕೆಲಸ. ಕಾಯಿ ಎಳೆಯದಾಗಿರುವಾಗ ನೊಣ ಸಿಪ್ಪೆಗೆ ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ. ಒಂದೆರಡು ದಿನದಲ್ಲಿ ಮರಿಯಾಗಿ ತಿರುಳು ತಿನ್ನಲು ಶುರು. ಚುಚ್ಚಿದ ಜಾಗದಲ್ಲಿ ಅಂಟಿನ ಹಾಗೆ ಒಂದು ಹನಿ ಒಸರಿ ಗಟ್ಟಿಯಾಗುತ್ತದೆ. ಆ ಹನಿಯನ್ನು ನಾನು ಕೊಯ್ಯುವ ದಿನವೇ ನೋಡಿದ್ದೆ. ಬಳ್ಳಿಯ ಸೊನೆ ಇರಬೇಕು ಎಂದುಕೊಂಡು ತೊಳೆದುಬಿಟ್ಟಿದ್ದೆ. ಗುರುತು ತೊಳೆದ ಮೇಲೆ ಯಾವ ಕಾಯಿ ಎಂದು ಹೇಗೆ ಗೊತ್ತಾಗಬೇಕು! ಈ 7 ಕಾಯಿಗಳೂ ಮೇ ತಿಂಗಳ ಮೊದಲ ಹತ್ತು ದಿನದೊಳಗೆ ಹೋದವು. ಹುಳಕ್ಕೆ ಕಾಯುವ ತಾಳ್ಮೆ ಇಲ್ಲ. ನೊಣ ಹೊಕ್ಕ ಕಾಯಿ ಅಟ್ಟ ಹತ್ತಿದ ಮೂರು ವಾರದೊಳಗೆ ತನ್ನನ್ನು ತಾನೇ ತೋರಿಸಿಕೊಡುತ್ತದೆ.

4 ಕಾಯಿ ಕೊಳೆಯಲೇ ಇಲ್ಲ, ಸುಮ್ನೆ ಸುಕ್ಕಾಗಿ ಮೆತ್ತಗಾದವು. ಮೇ ಕೊನೆಗೆ ಅವು ಗಾಳಿ ಹೋದ ಚೆಂಡಿನ ಹಾಗಿದ್ದವು. ಕೊಯ್ದರೆ ಬೀಜ ಬಿಳಿ, ಜೊಳ್ಳು. ಇವು ಏನೂ ಬಲಿಯದ ಕಾಯಿಗಳು. ಕಾಯಿ ಬಲಿಯುವಾಗ ಬಣ್ಣ ಮಾತ್ರ ಬದಲಾಗುವುದಲ್ಲ. ಸಿಪ್ಪೆ ಗಟ್ಟಿಯಾಗಿ ಅದರ ಮೇಲೆ ಮೇಣದಂತಹ ಪದರ ಕೂರುತ್ತದೆ. ಒಳಗಿನ ನೀರನ್ನು ಹಿಡಿದಿಡುವುದು, ಹೊರಗಿನ ಬೂಸ್ಟನ್ನು ತಡೆಯುವುದು ಅದೇ. ಎಳೆಯ ಕಾಯಿಗೆ ಆ ಅಂಗಿಯೇ ಇರುವುದಿಲ್ಲ. ಬಳ್ಳಿಯಿಂದ ಬಿಡಿಸಿದ ಮೇಲೆ ಅದು ಹೊಲಿಸಿಕೊಳ್ಳುವುದೂ ಇಲ್ಲ. ಹಳದಿ ಆಗಬಹುದು. ಆದರೆ ಅಟ್ಟದಲ್ಲಿ ಹಳದಿಯಾದದ್ದೂ ಬಳ್ಳಿಯಲ್ಲಿ ಬಲಿತದ್ದೂ ಒಂದೇ ಅಲ್ಲ.

8 ಕಾಯಿ ಹೊಟ್ಟೆಯ ಕಡೆಯಿಂದ ಕೊಳೆತವು. ಗದ್ದೆಯಲ್ಲಿ ಕಾಯಿ ನೆಲಕ್ಕೆ ತಾಗಿದ ಜಾಗ ಬಿಳಚಿಕೊಂಡು ತೆಳ್ಳಗಿರುತ್ತದೆ. ಮಳೆ ಬಂದು ಒಂದು ರಾತ್ರಿ ಕೆಸರಿನಲ್ಲಿ ಕೂತದ್ದು, ಆಮೇಲೆ ತೊಳೆದದ್ದು, ಆಮೇಲೆ ಎರಡು ದಿನ ರಾಶಿಯಲ್ಲಿ ಒಂದರ ಮೇಲೊಂದು ಒತ್ತಿಕೊಂಡದ್ದು, ಮೂರೂ ಸೇರಿತು. ಇಲ್ಲಿ ಮೂರರಲ್ಲಿ ಯಾವುದಕ್ಕೆ ಎಷ್ಟು ಪಾಲು ಎಂದು ಬಿಡಿಸಿ ಹೇಳುವ ಹಾಗಿಲ್ಲ.

ಉಳಿದ 15, ಎಲ್ಲಕ್ಕಿಂತ ದೊಡ್ಡ ಗುಂಪು, ತೊಟ್ಟಿನ ಕಡೆಯಿಂದ ಹೋದವು. ಜೂನ್ ಎರಡನೇ ವಾರದವರೆಗೆ ಇವು ಗಟ್ಟಿಯಾಗಿಯೇ ಇದ್ದವು. ಮಳೆ ಹಿಡಿದು ಗೋಡೆ ಬೆವರಲು ಶುರುವಾದದ್ದೇ ತಡ, ತೊಟ್ಟಿನ ಗುಳಿಯಲ್ಲಿ ಬಿಳಿ ಬೂಸ್ಟು ಕಂಡಿತು. ಎರಡು ದಿನದಲ್ಲಿ ಆ ಭಾಗ ನೀರಾಯಿತು. ನನ್ನ ಕೈಯ ಕೆಲಸ ಇದು. ತಿರುಚಿ ಎಳೆದಾಗ ತೊಟ್ಟು ಬುಡದಲ್ಲಿ ಮುರಿದು, ಕಾಯಿಯ ಮೈಯಲ್ಲೇ ಗಾಯವಾಗಿತ್ತು. ಒಣ ಹವೆಯಲ್ಲಿ ಗಾಯ ಸುಮ್ಮನಿತ್ತು. ತೇವ ಸಿಕ್ಕಿದ ಕೂಡಲೇ ಬಾಗಿಲಾಯಿತು. ತೊಟ್ಟು ಎರಡು ಬೆರಳು ಉದ್ದ ಉಳಿದಿದ್ದರೆ ಅದು ಒಣಗಿ ಬಿರಟೆಯ ಹಾಗೆ ಕೂರುತ್ತಿತ್ತು.

ಆದರೆ ತೊಟ್ಟಿನ ಮೇಲೆ ಮಾತ್ರ ಹೊರಿಸಿದರೆ ಲೆಕ್ಕ ಪೂರ್ತಿ ಸರಿಹೋಗುವುದಿಲ್ಲ. ಈ 15ರಲ್ಲಿ 9 ಕಾಯಿ ಬಾಳೆಗೊನೆಯ ಸಲಾಕೆಯಲ್ಲಿ ತೂಗುತ್ತಿದ್ದವು. ಬಾಳೆಹಣ್ಣು, ಹಲಸು, ಮಾವು, ಪಪ್ಪಾಯಿ ಎಲ್ಲ ಹಣ್ಣಾಗುವಾಗ ಎಥಿಲೀನ್ ಎಂಬ ಗಾಳಿ ಬಿಡುತ್ತವೆ. ಹಸಿ ಬಾಳೆಕಾಯಿ ಡಬ್ಬಿಯೊಳಗೆ ಒಂದು ಹಣ್ಣು ಹಾಕಿಟ್ಟರೆ ಎಲ್ಲವೂ ಬೇಗ ಹಣ್ಣಾಗುವುದು ಇದರಿಂದಲೇ. ಪಕ್ಕದಲ್ಲಿರುವ ಸೌತೆಗೂ ಅದು ಬೇಗ ಮುದಿಯಾಗು ಎಂದು ಹೇಳುತ್ತದೆ. ಹಸಿರು ಮಾಸುತ್ತದೆ, ತೊಟ್ಟು ಸಡಿಲವಾಗುತ್ತದೆ, ಮೈ ಮೆತ್ತಗಾಗುತ್ತದೆ. ಆ ಸಲಾಕೆಯ ಕಾಯಿಗಳು ಮೇ ತಿಂಗಳಲ್ಲೇ ಚಂದದ ಹಳದಿಯಾದಾಗ ನಾನು ಖುಷಿಪಟ್ಟಿದ್ದೆ. ಬಲಿಯುತ್ತಿದೆ ಎಂದುಕೊಂಡಿದ್ದೆ. ಅದು ಬಲಿಯುವುದಲ್ಲ, ಮುದಿಯಾಗುವುದು.

ಹಳೆ ಅಟ್ಟದ 16ರಲ್ಲಿ ಹಾಳಾದದ್ದು 4 ಮಾತ್ರ. ಎರಡು ಹುಳದಿಂದ, ಒಂದು ತೊಟ್ಟಿನಿಂದ. ಇನ್ನೊಂದನ್ನು ಇಲಿ ಕೊರೆದಿತ್ತು. ಇಲಿಗೆ ನಾನು ಕಾರಣ ಅಲ್ಲ ಎಂದು ನೋಟ್‌ಬುಕ್ಕಿನಲ್ಲಿ ಬೇರೆ ಬರೆದಿಟ್ಟಿದ್ದೇನೆ.

ಹೊಗೆಯೋ, ಆರಿಸಿದ ಕೈಯೋ?

45ರಲ್ಲಿ 34 ಹಾಳು, 16ರಲ್ಲಿ 4 ಹಾಳು. ನೋಡಿದ ಕೂಡಲೇ ಗಂಡ ತೀರ್ಪು ಕೊಟ್ಟ. "ಟೆರೇಸ್ ಮನೆ ಆಗಿಬರುವುದಿಲ್ಲ. ಹೊಗೆ ಬೇಕು." ಊರಲ್ಲಿ ಯಾರನ್ನು ಕೇಳಿದರೂ ಇದೇ ಮಾತು. ಗ್ಯಾಸ್ ಬಂತು, ಅಟ್ಟ ಹೋಯಿತು, ಕಾಯಿ ಉಳಿಯುವುದಿಲ್ಲ. ಅದರಲ್ಲಿ ಸತ್ಯ ಇದೆ. ಮಳೆಗಾಲದಲ್ಲಿ ನಮ್ಮಲ್ಲಿ ಗಾಳಿಯ ತೇವಾಂಶ ಶೇಕಡಾ 90ರ ಆಚೆ ಈಚೆ ಇರುತ್ತದೆ. ಕುಂಬಳ, ಚೀನಿಕಾಯಿಯಂಥವನ್ನು ಇಡಲು ಶೇಕಡಾ 50ರಿಂದ 70ರಷ್ಟು ತೇವ ಸಾಕು ಎನ್ನುತ್ತದೆ ತೋಟಗಾರಿಕೆಯ ಪಾಠ. ಸೌತೆಯೂ ಹೀಗೆ ತಿಂಗಳುಗಟ್ಟಲೆ ಉಳಿಯಬೇಕಾದರೆ ಒಣ ಗಾಳಿಯೇ ಬೇಕು. ದಿನಾ ಎರಡು ಗಂಟೆ ಒಲೆ ಉರಿದರೆ ಮೇಲಿನ ಗಾಳಿ ಬೆಚ್ಚಗಾಗಿ ಒಣಗುತ್ತದೆ, ಹಂಚಿನ ಸಂದಿಯಿಂದ ಹೊರಗೆ ಹೋಗುತ್ತದೆ, ಹೊಗೆಗೆ ಬೂಸ್ಟು ಬೇಗ ಹಿಡಿಯುವುದಿಲ್ಲ. ಟೆರೇಸಿನ ಕೆಳಗೆ ಗಾಳಿಗೆ ಹೋಗಲು ದಾರಿಯೇ ಇಲ್ಲ.

ಆದರೂ ನನಗೆ ಆ ತೀರ್ಪು ಪೂರ್ತಿ ಒಪ್ಪಿಗೆಯಾಗಲಿಲ್ಲ. ಅಟ್ಟಕ್ಕೆ ಹೋದ 16 ಕಾಯಿ ಯಾರು ಆರಿಸಿದ್ದು? ಅತ್ತೆ. ರಾಶಿಯಲ್ಲಿದ್ದ ಅತ್ಯುತ್ತಮ ಕಾಯಿಗಳನ್ನೇ ಅವರು ಎತ್ತಿಕೊಂಡಿದ್ದರು. ಬಲಿತ ಕಾಯಿ, ತೊಟ್ಟು ಇರುವ ಕಾಯಿ, ಹೊಟ್ಟೆ ಬಿಳಚದ ಕಾಯಿ. ಒಳ್ಳೆಯ ಮಕ್ಕಳನ್ನೆಲ್ಲ ಒಂದೇ ಶಾಲೆಗೆ ಸೇರಿಸಿ ಆಮೇಲೆ ಶಾಲೆ ಒಳ್ಳೆಯದು ಎಂದ ಹಾಗಾಗುತ್ತದೆ.

ಅವರು ಹೇಗೆ ಆರಿಸಿದರು ಎಂದು ಕೂತು ಕೇಳಿದೆ. ಮೊದಲು "ನೋಡಿದರೆ ಗೊತ್ತಾಗುತ್ತದೆ" ಎಂದರು. ಮನೆಯ ಹಿರಿಯರೆಲ್ಲ ಹೇಳುವ ಮಾತು. ಬಿಡದೆ ಕೇಳಿದ ಮೇಲೆ ಒಂದೊಂದಾಗಿ ಬಂತು. ಎಳೆಯ ಕಾಯಿಯ ಮೈಮೇಲೆ ಸಣ್ಣ ರೋಮ ಇರುತ್ತದೆ, ಬಲಿತಾಗ ಉದುರಿ ನುಣುಪಾಗುತ್ತದೆ. ಹಸಿರು ಪಟ್ಟೆಯ ನಡುವಿನ ತಿಳಿ ಬಣ್ಣ ಹಳದಿಗೆ ತಿರುಗಬೇಕು. ತೊಟ್ಟು ಕಾಯಿಗೆ ಸೇರುವಲ್ಲಿ ಬತ್ತಿ ಗಟ್ಟಿಯಾಗಿರಬೇಕು. ಕಾಯಿಯ ಹತ್ತಿರದ ಬಳ್ಳಿಯ ಕುಡಿ ಒಣಗಿ ಕಂದಾಗಿರಬೇಕು. ಇಷ್ಟಾಗಿಯೂ ತೊಟ್ಟು ತಾನಾಗಿ ಕಳಚುವವರೆಗೆ ಬಿಡಬಾರದು, ಆಗ ಮತ್ತೆ ಗಾಯವೇ.

"ಉಗುರು ಹಾಕಿ ನೋಡಬಹುದಾ ಅತ್ತೆ?" ಎಂದೆ. ಚೀನಿಕಾಯಿಗೆ ಹಾಗೆ ನೋಡುತ್ತಾರೆ ಎಂದು ಎಲ್ಲೋ ಓದಿದ್ದೆ.

"ನೋಡು. ಆದರೆ ಉಗುರು ಹಾಕಿದ್ದು ಇವತ್ತಿನ ಹುಳಿಗೆ."

ಕುಂಬಳದ್ದೊಂದು ಸಣ್ಣ ಪಾಠ

ಅದೇ ವರ್ಷ 9 ಬೂದುಗುಂಬಳ ಸಿಕ್ಕಿತ್ತು. 5 ಕಾಯಿಯನ್ನು ಸೌತೆಯ ಜೊತೆಯೇ ಒದ್ದೆ ಬಟ್ಟೆಯಲ್ಲಿ ಒರಸಿ ಹೊಳೆಯುವ ಹಾಗೆ ಮಾಡಿದ್ದೆವು. ಅಷ್ಟರಲ್ಲಿ ಸುಸ್ತಾಗಿ 4 ಹಾಗೇ ಬಿಟ್ಟೆವು. ಒರಸಿದ 5ರಲ್ಲಿ 3ಕ್ಕೆ ಜುಲೈಯಲ್ಲಿ ಕಪ್ಪು ಮಚ್ಚೆ ಬಂತು. ಒರಸದ 4 ಕಾಯಿ ದೀಪಾವಳಿ ದಾಟಿದವು. ಆ ಬೂದಿ ಕೊಳೆಯಲ್ಲ, ಕಾಯಿ ತಾನೇ ಬಳಿದುಕೊಂಡ ಮೇಣ. ಕುಂಬಳ ಬಲಿತಿದೆ ಎನ್ನುವುದಕ್ಕೆ ಗುರುತೂ ಅದೇ. ಎಳೆಯ ಕಾಯಿಗೆ ಬೂದಿ ಇರುವುದಿಲ್ಲ, ಚುಚ್ಚುವ ರೋಮ ಇರುತ್ತದೆ. ನಮ್ಮ ಸೋಮಾರಿತನದಿಂದ ಉಳಿದ 4 ಕಾಯಿ ಅವು.

ಚೀನಿಕಾಯಿ 7 ಇತ್ತು. ಸಿಮೆಂಟ್ ನೆಲದಲ್ಲಿ ಗೋಣಿ ಹಾಸಿ ಇಟ್ಟಿದ್ದೆವು. ಗೋಣಿ ತೇವ ಹೀರಿ 3 ಕೊಳೆಯಿತು. ಉಳಿದದ್ದನ್ನು ಮರದ ಹಲಗೆಗೆ ಏರಿಸಿದ ಮೇಲೆ ಸರಿಯಾಯಿತು. ಹೆಚ್ಚು ಹೇಳಲು ಏನಿಲ್ಲ.

ಎರಡನೇ ವರ್ಷ

ಈ ಸಲ ಬೀಜ ಡಿಸೆಂಬರ್ ಮೂರನೇ ವಾರದಲ್ಲೇ ಬಿತ್ತು. ಅಡಿಕೆ ಕೊಯ್ಲು ಒಂದು ವಾರ ಕಾಯಲಿ ಎಂದೆವು. ನನಗೆ ಈಗಲೂ ಅನ್ನಿಸುವುದು, ಅರ್ಧ ಪ್ರಕರಣ ಇಲ್ಲೇ ಮುಗಿದಿತ್ತು. ಕೊಯ್ಲು ಸರಿಯಾದ ಹೊತ್ತಿಗೆ ಆಗಬೇಕು ಎಂದು ಏಪ್ರಿಲ್‌ನಲ್ಲಿ ಎಷ್ಟು ಎಚ್ಚರ ವಹಿಸಿದರೂ, ಜನವರಿಯಲ್ಲಿ ತಡವಾಗಿ ಬಿತ್ತಿದರೆ ಕಾಯಿ ಬಲಿಯುವ ಮೊದಲೇ ಮಳೆ ಬರುತ್ತದೆ. ಆಗ ಇರುವ ಆಯ್ಕೆ ಎರಡೇ. ಎಳೆಯದನ್ನು ಕೊಯ್ಯುವುದು, ಇಲ್ಲ ಒದ್ದೆಯಾದದ್ದನ್ನು ಕೊಯ್ಯುವುದು.

ಸಾಲುಗಳನ್ನೂ ಬೇರೆ ಮಾಡಿದೆವು. ಒಂದು ಸಾಲು ದಿನದ ಅಡುಗೆಗೆ. ಅದರಿಂದ ಮೂರು ದಿನಕ್ಕೊಮ್ಮೆ ಎಳೆಯ ಕಾಯಿ ತೆಗೆಯುತ್ತಾ ಇದ್ದೆವು. ತೆಗೆದಷ್ಟೂ ಬಳ್ಳಿ ಮತ್ತೆ ಹೂ ಬಿಡುತ್ತದೆ. ಉಳಿದ ಸಾಲು ಕಟ್ಟಿಡಲು. ಅಲ್ಲಿ ಒಂದು ಬಳ್ಳಿಗೆ ಮೂರೋ ನಾಲ್ಕೋ ಕಾಯಿ ಬಿಟ್ಟು, ಆಮೇಲೆ ಬಂದ ಮಿಡಿಗಳನ್ನು ಚಿವುಟಿದೆವು. ಒಂದೇ ಬಳ್ಳಿಯಿಂದ ಎರಡೂ ಕೆಲಸ ಮಾಡಿಸಲು ಹೋದರೆ ಎರಡೂ ಕೆಡುತ್ತದೆ. ಬಲಿತ ಕಾಯಿ ಬಳ್ಳಿಯಲ್ಲಿದ್ದರೆ ಹೊಸ ಕಾಯಿ ಕಚ್ಚುವುದು ಕಡಿಮೆ. ಬೀಜ ಆಯಿತಲ್ಲ, ಇನ್ನು ಯಾಕೆ ದುಡಿಯಬೇಕು ಎಂದು ಬಳ್ಳಿಗೆ ಅನ್ನಿಸುತ್ತದೋ ಏನೋ.

ಬೆಂಡೆಯಲ್ಲಿ ಇದು ಇನ್ನೂ ಸ್ಪಷ್ಟ. ಹೂ ಬಿಟ್ಟ ಐದಾರು ದಿನಕ್ಕೆ ಕೊಯ್ಯಬೇಕು. ತುದಿ ಬಗ್ಗಿಸಿದರೆ ಪಟಕ್ಕನೆ ಮುರಿಯಬೇಕು. ಒಂದು ದಿನ ಊರಿಗೆ ಹೋಗಿ ಬಂದರೆ ನಾರು. ನಾರಾದದ್ದನ್ನು ಗಿಡದಲ್ಲೇ ಬಿಟ್ಟರೆ ಗಿಡ ಸೋಮಾರಿಯಾಗುತ್ತದೆ. ಹಾಗಾಗಿ ತಿನ್ನಲಾಗದಿದ್ದರೂ ಕೊಯ್ದು ಬಿಸಾಡಬೇಕು. ಬದನೆಯನ್ನು ಮೆಲ್ಲಗೆ ಒತ್ತಿದರೆ ಗುಳಿ ಬಿದ್ದು ಮತ್ತೆ ತುಂಬಿಕೊಳ್ಳಬೇಕು. ಹೊಳಪು ಹೋಯಿತೆಂದರೆ ಬೀಜ ಗಟ್ಟಿಯಾಯಿತು ಎಂದರ್ಥ. ಇಂಥ ತರಕಾರಿಗೆ ನಮ್ಮ ಅಟ್ಟವೂ ಉಪಯೋಗವಿಲ್ಲ, ಫ್ರಿಜ್ಜೂ ಅಷ್ಟಕ್ಕಷ್ಟೆ. ಮನೆಯ ಫ್ರಿಜ್ಜಿನ ಒಳಗೆ 4 ಡಿಗ್ರಿ ಸೆಲ್ಸಿಯಸ್ ಹತ್ತಿರ ಇರುತ್ತದೆ. ಬದನೆ, ಸೌತೆ, ಟೊಮೆಟೊ ಇವಕ್ಕೆ ಸುಮಾರು 10ರಿಂದ 13 ಡಿಗ್ರಿ ಸಾಕು. ಅದಕ್ಕಿಂತ ಚಳಿಯಾದರೆ ಒಳಗೊಳಗೇ ಸಾಯುತ್ತವೆ. ಕುತೂಹಲಕ್ಕೆ ಆ ಬೇಸಿಗೆ ಒಂದು ಇಡೀ ಸೌತೆಯನ್ನು ಫ್ರಿಜ್ಜಿನಲ್ಲಿ 12 ದಿನ ಇಟ್ಟೆ. ಒಳಗಿರುವವರೆಗೆ ಚೆನ್ನಾಗಿಯೇ ಕಂಡಿತು. ಹೊರಗೆ ತೆಗೆದ ಎರಡನೇ ದಿನ ಮೈತುಂಬ ನೀರುಗುಳಿ. ಅದೇ ದಿನ ಕೊಯ್ದ ಇನ್ನೊಂದು ಕಾಯಿ ಜಗಲಿಯಲ್ಲಿ ಸುಮ್ಮನೆ ಕೂತಿತ್ತು, ಏನೂ ಆಗಿರಲಿಲ್ಲ.

ಸರಿ, ಕಟ್ಟುವ ಸೌತೆಗೆ ಬರೋಣ. ಹಣ್ಣುನೊಣಕ್ಕೆ, ಗಂಡು ನೊಣವನ್ನು ಸೆಳೆಯುವ ಕ್ಯೂಲೂರ್ ಎಂಬ ಮದ್ದು ಹಾಕಿದ ಎರಡು ಬಲೆ ತೂಗುಹಾಕಿದೆವು. ಮಾವಿಗೆ ತರುವ ಬಲೆಯ ಮದ್ದು ಬೇರೆ, ಸೌತೆ ಜಾತಿಗೆ ಬೇರೆ, ಅಂಗಡಿಯಲ್ಲಿ ಕೇಳಿ ತರಬೇಕು. ಕಟ್ಟುವ ಸಾಲಿನ ಮಿಡಿಗಳಿಗೆ ಹಳೆ ಪೇಪರ್ ಸುತ್ತಿದೆವು. ಎಲ್ಲದಕ್ಕೂ ಸುತ್ತಲು ಆಗಲಿಲ್ಲ, ಪುರುಸೊತ್ತು ಎಲ್ಲಿ? ಕಾಯಿಯ ಅಡಿಗೆ ಒಣಗಿದ ತೆಂಗಿನ ಮಡಲು ಕೊಟ್ಟೆವು. ಕೊಯ್ಯುವ ಒಂದು ವಾರ ಮೊದಲು ನೀರು ನಿಲ್ಲಿಸಿದೆವು.

ಕೊಯ್ಲು ಒಂದೇ ದಿನ ಅಲ್ಲ. ಮಾರ್ಚ್ ಮೂರನೇ ವಾರದಿಂದ ಏಪ್ರಿಲ್ ಮೊದಲ ವಾರದೊಳಗೆ ಮೂರು ಸಲ. ಪ್ರತಿ ಸಲವೂ ಬಲಿತದ್ದನ್ನು ಮಾತ್ರ, ಇಬ್ಬನಿ ಆರಿದ ಮೇಲೆ, ಕತ್ತಿಯಲ್ಲಿ, ಎರಡು ಬೆರಳು ತೊಟ್ಟು ಉಳಿಸಿ. ಅತ್ತೆ ಗದ್ದೆಯ ಬದುವಿನಲ್ಲಿ ಕುರ್ಚಿ ಹಾಕಿ ಕೂತು ಕೋಲಿನಲ್ಲಿ ತೋರಿಸುತ್ತಿದ್ದರು. ಮೊದಲ ಸಲ ನಾನು ಕೈ ಹಾಕಿದ ಐದರಲ್ಲಿ ಎರಡಕ್ಕೆ "ಬೇಡ" ಎಂದರು. ಮೂರನೇ ಸಲ ಒಂದಕ್ಕೂ ಅನ್ನಲಿಲ್ಲ. ಅಥವಾ ನಿದ್ದೆ ಹೋಗಿದ್ದರೋ ತಿಳಿಯದು.

ತೊಳೆಯಲಿಲ್ಲ. ಮಣ್ಣು ಒಣಗಿದ ಮೇಲೆ ಒಣ ಬಟ್ಟೆಯಲ್ಲಿ ತಟ್ಟಿದೆವು. ಜಗಲಿಯಲ್ಲಿ ಬೈಹುಲ್ಲಿನ ಮೇಲೆ, ಒಂದಕ್ಕೊಂದು ತಾಗದ ಹಾಗೆ, ಹತ್ತು ದಿನ ಹರಡಿದೆವು. ಆ ಬಿಸಿಗೆ ತೊಟ್ಟು ಒಣಗುತ್ತದೆ, ಸಣ್ಣ ಗೀರು ಮಾಯುತ್ತದೆ. ಹುಳ ಇದ್ದರೆ ಅಲ್ಲೇ ಗೊತ್ತಾಗುತ್ತದೆ. ಅಂಟಿನ ಹನಿ ಇರುವುದು, ಗೀರು ಬಿದ್ದದ್ದು, ತೊಟ್ಟು ಮುರಿದದ್ದು ಎಲ್ಲ ಸೇರಿ 13 ಕಾಯಿ ಬೇರೆ ಬುಟ್ಟಿಗೆ ಹೋಯಿತು. ಮೊದಲು ತಿನ್ನುವ ಬುಟ್ಟಿ ಅದು. ಏಪ್ರಿಲ್ ಇಡೀ ಮನೆಯಲ್ಲಿ ಸೌತೆ ಹುಳಿ, ಸೌತೆ ಪಲ್ಯ, ಸೌತೆ ದೋಸೆ. ಮಗಳು ಊಟಕ್ಕೆ ಕೂರುವ ಮೊದಲು ಪಾತ್ರೆಯ ಮುಚ್ಚಳ ತೆಗೆದು ನೋಡಲು ಶುರುಮಾಡಿದಳು.

ಕಟ್ಟಿದ್ದು 48. ಜಾಗವೋ ಕಾಯಿಯೋ ಎಂಬ ಪ್ರಶ್ನೆ ಇನ್ನೂ ತಲೆಯಲ್ಲಿತ್ತು. ಹಾಗಾಗಿ ಈ ಸಲ ಆರಿಸದೆ, ಸಾಲಾಗಿ ಎತ್ತಿ, 30 ಹಳೆ ಅಟ್ಟಕ್ಕೆ, 18 ಉಗ್ರಾಣಕ್ಕೆ ಹಾಕಿದೆ. ಬಾಳೆಗೊನೆ, ಹಲಸು ಎಲ್ಲ ಹೊರಗಿನ ಕೊಟ್ಟಿಗೆಗೆ ಹೋಯಿತು. ಉಗ್ರಾಣದ ಎರಡು ಕಿಟಕಿಗೆ ಬಲೆ ಹೊಡೆಸಿ ಹಗಲು ತೆರೆದಿಟ್ಟೆವು. ವಾರಕ್ಕೊಮ್ಮೆ ಪ್ರತಿ ಕಾಯಿಯ ತೊಟ್ಟಿಗೆ ಟಾರ್ಚ್ ಬಿಟ್ಟು ನೋಡುವುದು ಮಗಳ ಕೆಲಸ. ಒಂದು ಕೊಳೆತದ್ದು ಮಾಲೆಯಲ್ಲಿ ಉಳಿದರೆ ಅದರ ರಸ ಕೆಳಗಿನದಕ್ಕೆ ಇಳಿಯುತ್ತದೆ, ಹಾಗಾಗಿ ಈ ಸಲ ಒಂದರ ಕೆಳಗೆ ಒಂದು ಕಟ್ಟಲಿಲ್ಲ. ಎಲ್ಲವೂ ಅಕ್ಕಪಕ್ಕ, ನಡುವೆ ಒಂದು ಗೇಣು. ಅತ್ತೆಗೆ ಈ ಕ್ರಮ ಹಿಡಿಸಲಿಲ್ಲ. ಮಾಲೆ ಕಟ್ಟಿದರೆ ಚಂದ ಎಂದರು. ಚಂದ ಎನ್ನುವುದರಲ್ಲಿ ನನಗೂ ತಕರಾರಿಲ್ಲ.

ಆಟಿ ಮುಗಿದ ದಿನದ ಲೆಕ್ಕ ಹೀಗಿತ್ತು. ಅಟ್ಟದ 30ರಲ್ಲಿ 3 ಹಾಳು. ಉಗ್ರಾಣದ 18ರಲ್ಲಿ 6 ಹಾಳು. ತಿಂದದ್ದು 24. ಉಳಿದದ್ದು 15.

ಅಂದರೆ ಗಂಡನ ಮಾತೂ ಸುಳ್ಳಲ್ಲ. ಒಂದೇ ತರದ ಕಾಯಿ ಹಾಕಿದರೂ ಹೊಗೆಯ ಅಟ್ಟದಲ್ಲಿ ಹತ್ತಕ್ಕೆ ಒಂದು, ಟೆರೇಸಿನಡಿ ಮೂರಕ್ಕೆ ಒಂದು ಹೋಯಿತು. ಆದರೆ ಅದೇ ಟೆರೇಸಿನಡಿ ಹಿಂದಿನ ವರ್ಷ ನಾಲ್ಕಕ್ಕೆ ಮೂರು ಹೋಗಿತ್ತು. ಮಾಡು ಬದಲಾಗದೆಯೇ ಇಷ್ಟು ಉಳಿಯಿತು. ಒಲೆ ಇಲ್ಲದ ಮನೆಯವರು ಕೈಚೆಲ್ಲಿ ಕೂರಬೇಕಾಗಿಲ್ಲ ಎನ್ನುವುದಕ್ಕೆ ನನಗೆ ಇಷ್ಟು ಸಾಕು. ಇದರಲ್ಲಿ ಒಂದು ತೊಡಕಿದೆ, ಹೇಳಿಬಿಡುತ್ತೇನೆ. ಎರಡನೇ ವರ್ಷ ನಾವು ಹತ್ತು ವಿಷಯ ಒಟ್ಟಿಗೆ ಬದಲಾಯಿಸಿದೆವು, ಮಳೆಯೂ ಎರಡು ವರ್ಷ ಒಂದೇ ತರ ಇರಲಿಲ್ಲ. ಹಾಗಾಗಿ ಬಾಳೆಗೊನೆ ಹೊರಗೆ ಹಾಕಿದ್ದರಿಂದ ಎಷ್ಟು ಉಳಿಯಿತು, ಕಿಟಕಿಯಿಂದ ಎಷ್ಟು ಎಂದು ಬಿಡಿಬಿಡಿಯಾಗಿ ಹೇಳಲು ಬರುವುದಿಲ್ಲ. ತೊಟ್ಟಿನದ್ದು ಮಾತ್ರ ಗಟ್ಟಿಯಾಗಿ ಹೇಳಬಲ್ಲೆ. ಹಾಳಾದ 9ರಲ್ಲಿ ತೊಟ್ಟಿನಿಂದ ಕೊಳೆತದ್ದು 2 ಮಾತ್ರ. ಸುಕ್ಕಾದದ್ದು ಒಂದೂ ಇಲ್ಲ.

ಅಕ್ಟೋಬರ್‌ನಲ್ಲಿ ಕೊನೆಯ ಎರಡು ಕಾಯಿ ಇಳಿಸಿದೆವು. ಒಂದು ಅಟ್ಟದ್ದು. ಮೇಲೆ ಹೊಗೆ ಹಿಡಿದು ಕಂದಾಗಿತ್ತು. ಕೊಯ್ದರೆ ತಿರುಳು ಸ್ವಲ್ಪ ಹುಳಿ, ಬೀಜ ಹೊಟ್ಟೆ ತುಂಬಿದ ಹಾಗೆ ಗಟ್ಟಿ. ಅತ್ತೆ ಬೀಜ ತೊಳೆದು, ಬೂದಿಯಲ್ಲಿ ಹೊರಳಿಸಿ, ನೆರಳಲ್ಲಿ ಒಣಗಲು ಇಟ್ಟರು. ಅಷ್ಟು ದಿನ ತಾಳಿದ ಕಾಯಿಯ ಬೀಜವನ್ನೇ ಅವರು ಯಾವಾಗಲೂ ಮುಂದಿನ ವರ್ಷಕ್ಕೆ ತೆಗೆಯುವುದಂತೆ. ಇದನ್ನು ಅವರು ಅದುವರೆಗೆ ಹೇಳಿರಲಿಲ್ಲ. ನಾನು ಕೇಳಿರಲೂ ಇಲ್ಲ.

ಇನ್ನೊಂದು ಕಾಯಿ ಉಗ್ರಾಣದ ಮೂಲೆಯಲ್ಲಿತ್ತು. ಅದು 48ರ ಲೆಕ್ಕದ್ದಲ್ಲ. ಮೊದಲು ತಿನ್ನುವ ಬುಟ್ಟಿಯಿಂದ ಹೇಗೋ ಹೊರಳಿ ಹಲಗೆಯ ಹಿಂದೆ ಬಿದ್ದಿತ್ತು. ಮೈಮೇಲೆ ಅಂಟಿನ ಹನಿ ಹಾಗೇ ಇದೆ. ನನ್ನ ಲೆಕ್ಕದ ಪ್ರಕಾರ ಏಪ್ರಿಲ್‌ನಲ್ಲೇ ಹೋಗಬೇಕಾದ ಕಾಯಿ. ಕೊಯ್ದು ನೋಡಿದೆ. ಹನಿಯ ಕೆಳಗೆ ಸಾಸಿವೆಯಷ್ಟು ಕಂದು ಗಂಟು, ಬಿರಟೆಯ ಹಾಗೆ ಗಟ್ಟಿ. ಹುಳ ಇಲ್ಲ. ಉಳಿದದ್ದೆಲ್ಲ ಚೆನ್ನಾಗಿತ್ತು. ಅಂದು ರಾತ್ರಿ ಅದರದ್ದೇ ಮೇಲಾರ ಮಾಡಿದೆ.